ಒಂಥರಾ ಬರ್ತಾ ಇದೆ ಮೇಷ್ಟ್ರೇ

ಶಿವಮೊಗ್ಗದ ನಮ್ಮ ಬಡಾವಣೆಯಲ್ಲಿ ಕೀಬೋರ್ಡ್ ಇಲ್ಲದ ಮನೆ ಹುಡುಕಬೇಕು. ಎಲ್ಲ ಮನೆಯಲ್ಲೂ ಅದರ ಜಾಗ ಒಂದೇ. ಬೀರುವಿನ ತಲೆಯ ಮೇಲೆ, ಹಳೆಯ ದುಪ್ಪಟಿ ಹೊದ್ದುಕೊಂಡು, ಕೇರಂ ಬೋರ್ಡಿನ ಪಕ್ಕ. ಮಗು ಮೂರನೇ ಕ್ಲಾಸಿನಲ್ಲಿದ್ದಾಗ ಬೇಸಿಗೆ ಶಿಬಿರದಲ್ಲಿ ಯಾರೋ ‘ಇವಳ ಬೆರಳಲ್ಲಿ ಸಂಗೀತ ಇದೆ’ ಅಂದಿರುತ್ತಾರೆ. ಆ ವಾರವೇ ಕೀಬೋರ್ಡ್ ಮನೆಗೆ ಬಂದಿರುತ್ತದೆ. ಗಣಿತಕ್ಕೆ ಟ್ಯೂಷನ್ ಶುರುವಾದ ವಾರ ಬೀರು ಹತ್ತಿರುತ್ತದೆ. ಮತ್ತೆ ಕೆಳಗಿಳಿಯುವುದು ಗಣಪತಿ ಹಬ್ಬಕ್ಕೋ, ಅಮೆರಿಕದಿಂದ ಚಿಕ್ಕಪ್ಪ ಬಂದು ‘ಎಲ್ಲಿ ಪುಟ್ಟಿ, ಒಂದು ನುಡಿಸು ನೋಡಣ’ ಅಂದಾಗಲೋ. ಇಳಿಸಿ, ಧೂಳು ಒರೆಸಿ, ಸ್ವಿಚ್ ಹಾಕಿ, ಪುಟ್ಟಿ ಬೆರಳಿಟ್ಟ ಮೇಲೆ ಮೊದಲು ಸದ್ದು ಮಾಡುವುದು ನನ್ನ ಫೋನು.

“ಮೇಷ್ಟ್ರೇ, ಸೌಂಡು ಒಂಥರಾ ಬರ್ತಾ ಇದೆ.”

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತನಾದವನು. ಶನಿವಾರ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ. ಈ ಎರಡನ್ನೂ ಕೂಡಿಸಿ ಬಡಾವಣೆಯವರು ನನ್ನನ್ನು ಕೀಬೋರ್ಡ್ ವೈದ್ಯನಾಗಿ ನೇಮಿಸಿಕೊಂಡಿದ್ದಾರೆ. ಫೀಸು ಒಂದು ಲೋಟ ಕಾಫಿ. ಹಬ್ಬದ ದಿನವಾದರೆ ಜೊತೆಗೆ ಕೋಡುಬಳೆ.

ಒಂಥರಾ ಅಂದರೆ ಯಾವ ಥರ ಎಂದು ಕೇಳಿದರೆ ಜನ ವಿವರಿಸುವುದಿಲ್ಲ, ನುಡಿಸಿ ತೋರಿಸುತ್ತಾರೆ, ಬಾಯಲ್ಲಿ. ಎದುರು ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಫೋನಿನಲ್ಲಿ ‘ಗೊರ್ರ್ ಗೊರ್ರ್’ ಎಂದು ಗಂಟಲಿನಿಂದ ಹೊರಡಿಸಿದ ಸದ್ದಿಗೆ ಅವರ ಮನೆಯ ನಾಯಿ ಹಿಂದಿನಿಂದ ಉತ್ತರ ಕೊಟ್ಟಿತು. ನಾನು ಇದನ್ನೆಲ್ಲ ಗಂಭೀರವಾಗಿಯೇ ಕೇಳುತ್ತೇನೆ. ಗೊರಗೊರಕ್ಕೂ ಗುಂಯ್‌ಗೂ ಕರಕರಕ್ಕೂ ಬೇರೆ ಬೇರೆ ತಂದೆತಾಯಿ. ಬಾಯಿಯ ಅನುಕರಣೆ ಸರಿಯಾಗಿದ್ದರೆ ಅರ್ಧ ಕೆಲಸ ಫೋನಿನಲ್ಲೇ ಮುಗಿಯುತ್ತದೆ. ಹಾರ್ಮೋನಿಯಂಗೆ ಈ ತಾಪತ್ರಯವಿಲ್ಲ. ತಿದಿ ಹರಿದರೆ ಉಸಿರು ಸೋರುವುದು ಎಲ್ಲರಿಗೂ ಕೇಳಿಸುತ್ತದೆ, ರೀಡಿಗೆ ಕಸ ಸಿಕ್ಕರೆ ಆ ಸ್ವರವೇ ಕೆಮ್ಮುತ್ತದೆ. ಕೀಬೋರ್ಡ್ ಕಾಯಿಲೆ ಒಂದು ಕಡೆ ಇಟ್ಟುಕೊಂಡು ನೋವು ಇನ್ನೊಂದು ಕಡೆ ತೋರಿಸುವ ಜಾತಿ.

ಅದಕ್ಕೇ ಸ್ಕ್ರೂಡ್ರೈವರು ಕೊನೆಗೆ ಎನ್ನುವುದು ನನ್ನ ನಿಯಮ. ಕಾಸು ಖರ್ಚಿಲ್ಲದ ತಪಾಸಣೆಗಳೆಲ್ಲ ಮುಗಿಯುವವರೆಗೆ ಅದು ಜೇಬಿನಿಂದ ಹೊರಗೆ ಬರಬಾರದು. ಮನೆಯವರಿಗೆ ಇದು ನಿರಾಶೆ ತರುತ್ತದೆ. ಬಿಚ್ಚದ ವೈದ್ಯನ ಮೇಲೆ ಯಾರಿಗೂ ನಂಬಿಕೆ ಇಲ್ಲ.

ಪೂರ್ತಿ ಮೌನವಾಗಿದೆ ಅನ್ನಿ. ದೀಪ ಹತ್ತುತ್ತದೆ, ಪರದೆಯ ಮೇಲೆ ಅಕ್ಷರ ಬರುತ್ತದೆ, ಸದ್ದು ಮಾತ್ರ ಇಲ್ಲ. ನಾನು ಮೊದಲು ಬಗ್ಗಿ ನೋಡುವುದು ಹಿಂಬದಿಯ ಹೆಡ್‌ಫೋನ್ ತೂತನ್ನು. ಆ ತೂತಿನೊಳಗೊಂದು ಪುಟ್ಟ ಲೋಹದ ಎಲೆ ಇದೆ. ಪಿನ್ನು ಒಳಗೆ ಹೋದರೆ ಅದು ಸರಿದು ಸ್ಪೀಕರಿನ ದಾರಿ ಕಡಿದುಹೋಗುತ್ತದೆ. ಪಿನ್ನು ಹೊರಬಂದರೆ ಮತ್ತೆ ಕೂಡಿಕೊಳ್ಳುತ್ತದೆ, ಕೂಡಿಕೊಳ್ಳಬೇಕು. ಎಲೆ ಜಿಡ್ಡು ಹಿಡಿದು ಹಾಗೇ ನಿಂತರೆ ಇಲ್ಲದ ಹೆಡ್‌ಫೋನಿಗೆ ಕೀಬೋರ್ಡ್ ಗುಟ್ಟಾಗಿ ಹಾಡುತ್ತಾ ಕೂತಿರುತ್ತದೆ. ಪಿನ್ನನ್ನು ನಾಲ್ಕಾರು ಸಲ ಹಾಕಿ ತೆಗೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಒಂದು ಮನೆಯಲ್ಲಿ ಎಷ್ಟು ಹಾಕಿದರೂ ಪಿನ್ನು ಒಳಕ್ಕೇ ಹೋಗಲಿಲ್ಲ. ಟಾರ್ಚು ಬಿಟ್ಟು ನೋಡಿದರೆ ಮುರಿದ ಇಯರ್‌ಫೋನಿನ ತುದಿ ಒಳಗೇ ಉಳಿದಿತ್ತು. ಅದು ಯಾರ ಕೆಲಸ ಎಂದು ಮಗ ಮಗಳನ್ನೂ ಮಗಳು ಮಗನನ್ನೂ ನೋಡಿದರು. ತೆಗೆದುಕೊಟ್ಟೆ. ಎರಡು ವರ್ಷದಿಂದ ‘ಬೋರ್ಡು ಹೋಗಿದೆ’ ಎಂದು ಬೀರುವಿನ ಮೇಲಿದ್ದ ವಾದ್ಯ ಒಂದೇ ಸಲ ಗಟ್ಟಿಯಾಗಿ ಡೆಮೊ ಹಾಡು ಹಾಡಿತು. ಮನೆಯವರ ಮುಖದಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ‘ಇಷ್ಟೇನಾ?’ ಎನ್ನುವ ಅಸಮಾಧಾನ ಕಂಡಿತು.

ಎರಡನೆಯ ಅನುಮಾನ ಅಡಾಪ್ಟರಿನ ಮೇಲೆ. ಇಂದು ಪ್ರತಿ ಮನೆಯಲ್ಲೂ ಅಡಾಪ್ಟರುಗಳಿಗೆಂದೇ ಒಂದು ಡ್ರಾಯರು ಇದೆ. ಸೆಟ್ ಟಾಪ್ ಬಾಕ್ಸಿನದು, ವೈಫೈ ಡಬ್ಬಿಯದು, ಸತ್ತ ಫೋನಿನದು, ಯಾವುದರದೆಂದು ಯಾರಿಗೂ ಗೊತ್ತಿಲ್ಲದ್ದು, ಎಲ್ಲವೂ ಬಾಲ ಹೆಣೆದುಕೊಂಡು ಬಿದ್ದಿರುತ್ತವೆ. ಕೀಬೋರ್ಡಿನ ಸ್ವಂತ ಅಡಾಪ್ಟರು ಮಾತ್ರ ಅಲ್ಲಿರುವುದಿಲ್ಲ. “ಪಿನ್ನು ಕೂರ್ತದಲ್ಲ ಮೇಷ್ಟ್ರೇ” ಎನ್ನುವುದೇ ಜನರ ಪ್ರಮಾಣ. ಕೂರುವುದೇನೋ ಕೂರುತ್ತದೆ. ಆದರೆ ಒಂದು ಕೀಬೋರ್ಡಿಗೆ 9 ವೋಲ್ಟ್ ಬೇಕು, ಇನ್ನೊಂದಕ್ಕೆ 9.5, ಮತ್ತೊಂದಕ್ಕೆ 12. ಸಾಲದ್ದಕ್ಕೆ ದಿಕ್ಕಿನ ಪ್ರಶ್ನೆ. ಹಳೆಯ ಕ್ಯಾಸಿಯೋಗಳ 9 ವೋಲ್ಟಿನ ಅಡಾಪ್ಟರಿನಲ್ಲಿ ಪಿನ್ನಿನ ಒಳಭಾಗ ಋಣ, ಹೊರಭಾಗ ಧನ. ಯಮಹಾದಲ್ಲಿ ಇದರ ತಿರುಗುಮುರುಗು. ಕೀಬೋರ್ಡಿನ ಹಿಂದೆ ತೂತಿನ ಪಕ್ಕದಲ್ಲಿ ಒಂದು ಚುಕ್ಕೆ, ಅದರ ಸುತ್ತ ಅರ್ಧ ಬಳೆ, ಎರಡು ಗೆರೆ, ಒಂದು ಕಡೆ ಕೂಡುವ ಚಿಹ್ನೆ, ಇನ್ನೊಂದು ಕಡೆ ಕಳೆಯುವ ಚಿಹ್ನೆ ಇರುವ ಚಿತ್ರವನ್ನು ಅಚ್ಚು ಹಾಕಿರುತ್ತಾರೆ. ಜಾತಕದಲ್ಲಿ ಕುಜ ಎಲ್ಲಿದ್ದಾನೆಂದು ಮೂರು ಕಡೆ ತೋರಿಸಿಕೊಂಡು ಬರುವ ಜನ ಈ ಚಿತ್ರವನ್ನು ಒಂದು ಸಲವೂ ನೋಡುವುದಿಲ್ಲ.

ವೋಲ್ಟು ಸರಿಯಿದ್ದು ಆಂಪಿಯರ್ ಕಡಿಮೆ ಇದ್ದರೆ ಇನ್ನೊಂದು ನಾಟಕ. ಒಂದು ಬೆರಳಿನಲ್ಲಿ ಸರಿಗಮ ನುಡಿಸುವವರೆಗೆ ಏನೂ ತೊಂದರೆಯಿಲ್ಲ. ತಾಳ ಹಾಕಿ, ಎಡಗೈಯಲ್ಲಿ ಕಾರ್ಡು ಹಿಡಿದು, ವಾಲ್ಯೂಮು ಏರಿಸಿದ ತಕ್ಷಣ ಸದ್ದು ಒಡೆದು, ಪರದೆ ಮಂಕಾಗಿ, ಕೀಬೋರ್ಡು ಆರಿ ತಾನೇ ಮತ್ತೆ ಹತ್ತಿಕೊಳ್ಳುತ್ತದೆ. ಮಗು ಜೋರಾಗಿ ಬಡಿದಿದ್ದರಿಂದ ಹೀಗಾಯಿತು ಎಂದು ಅದಕ್ಕೆ ಬೈಗುಳ ಬೀಳುತ್ತದೆ. ಈ ಒಂದು ವಿಷಯದಲ್ಲಿ ನಾನು ಯಾವಾಗಲೂ ಮಕ್ಕಳ ಪರ ವಕೀಲ.

ಗುಂಯ್ ಎನ್ನುವ ಸದ್ದಿಗೆ ಬರೋಣ. ನಮ್ಮ ಮನೆಗೆ ಬರುವ 230 ವೋಲ್ಟಿನ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತದೆ. ಅಗ್ಗದ ಅಡಾಪ್ಟರಿನ ಮೂಲಕವೋ, ಅರ್ಥಿಂಗ್ ಸರಿಯಿಲ್ಲದ ಪ್ಲಗ್ಗಿನ ಮೂಲಕವೋ ಅದು ಸ್ಪೀಕರಿನೊಳಕ್ಕೆ ನುಸುಳಿದರೆ 50 ಅಥವಾ 100 ಹರ್ಟ್ಸಿನಲ್ಲಿ ಒಂದೇ ಸಮನೆ ಗುನುಗುತ್ತದೆ. ಕೀಬೋರ್ಡಿನ ಎಡಗಡೆಯ ಜಿ ಸ್ವರ 98 ಹರ್ಟ್ಸ್. ಅಂದರೆ ನಾಡಿನ ವಿದ್ಯುತ್ತೆಲ್ಲ ಸುಮಾರು ಬಿಳಿ ಐದರ ಶ್ರುತಿಯಲ್ಲಿದೆ, ತುಸು ಮೇಲೆ. ನಮ್ಮ ಮಂಡಳಿಯಲ್ಲಿ ಹಾಡುವ ಭಟ್ಟರದು ಕಪ್ಪು ಒಂದು. ಆ ಷಡ್ಜಕ್ಕೆ ಬಿಳಿ ಐದು ಪ್ರತಿಮಧ್ಯಮವಾಗುತ್ತದೆ. ಹೀಗಾಗಿ ಅವರು ಶಂಕರಾಭರಣ ಎತ್ತಿಕೊಂಡಾಗಲೆಲ್ಲ ಮಂಡಳಿಯ ಕೀಬೋರ್ಡಿನ ಸ್ಪೀಕರು ಹಿಂದಿನಿಂದ ಕಲ್ಯಾಣಿಗೆ ಎಳೆಯುತ್ತಿತ್ತು. ಭಟ್ಟರು ಒಂದು ವಾರ ತಬಲಾದವನನ್ನು ದುರುಗುಟ್ಟಿ ನೋಡಿದರು, ಇನ್ನೊಂದು ವಾರ ನನ್ನನ್ನು. ಕೊನೆಗೆ ಅಡಾಪ್ಟರು ಕಿತ್ತು ಆರು ಸೆಲ್ಲು ಹಾಕಿದೆ, ಗುಂಯ್ ಮಾಯವಾಯಿತು. ಈ ಪರೀಕ್ಷೆಗಿಂತ ಸುಲಭದ್ದು ಇನ್ನೊಂದಿಲ್ಲ. ಸೆಲ್ಲಿನಲ್ಲಿ ಸದ್ದು ಶುದ್ಧವಾಗಿದ್ದರೆ ಕೀಬೋರ್ಡು ನಿರಪರಾಧಿ, ಕಳ್ಳ ಗೋಡೆಯ ಕಡೆಯಿಂದ ಬರುತ್ತಿದ್ದಾನೆ.

ಗಣಪತಿ ಪೆಂಡಾಲಿನಲ್ಲಿ ಇದೇ ಗುಂಯ್ ವಿಶ್ವರೂಪ ತೋರಿಸುತ್ತದೆ. ಕೀಬೋರ್ಡಿಗೆ ಒಂದು ಕಂಬದಿಂದ ಕರೆಂಟು, ಮಿಕ್ಸರಿಗೆ ಇನ್ನೊಂದು ಮನೆಯಿಂದ, ನಡುವೆ ಒಂದು ಕೇಬಲು. ಎರಡು ಕಡೆಯ ಅರ್ಥಿಂಗ್ ಬೇರೆ ಬೇರೆಯಾದಾಗ ಆ ವ್ಯತ್ಯಾಸವೆಲ್ಲ ಕೇಬಲಿನ ಮೇಲೆ ಹರಿದು ಸ್ಪೀಕರಿನಲ್ಲಿ ಮೊರೆಯುತ್ತದೆ. ಎರಡನ್ನೂ ಒಂದೇ ಬೋರ್ಡಿಗೆ ಸಿಕ್ಕಿಸಿ ಎಂದರೆ ಮೈಕ್ ಸೆಟ್ಟಿನ ಹುಡುಗ, “ಸಾರ್, ನಾನು ಹತ್ತು ವರ್ಷದಿಂದ ಹೀಗೇ ಹಾಕ್ತಾ ಇರೋದು” ಅನ್ನುತ್ತಾನೆ. ಹತ್ತು ವರ್ಷದಿಂದ ಹೀಗೇ ಕೇಳ್ತಾ ಇದೀವಪ್ಪ ಎಂದು ಹೇಳುವಷ್ಟರಲ್ಲಿ ಮಂಗಳಾರತಿ ಶುರುವಾಗಿರುತ್ತದೆ.

ಇನ್ನು ಒಂದೆರಡು ಮನೆ ಸತ್ತಿವೆ, ಒಂದು ಮನೆ ಕಿರುಚುತ್ತದೆ ಎನ್ನುವ ದೂರು. (ಹಾರ್ಮೋನಿಯಂ ಕಲಿತವರು ಕೀಗಳನ್ನು ಮನೆ ಅಂತಲೇ ಕರೆಯುವುದು.) ಇದಕ್ಕೆ ಮಾತ್ರ ಸ್ಕ್ರೂಡ್ರೈವರು ಬೇಕು, ಮತ್ತು ಇದೇ ನನಗೆ ಪ್ರಿಯವಾದ ಕಾಯಿಲೆ. ಜನ ತಿಳಿದಿರುವಂತೆ ಕೀಬೋರ್ಡು ನಮ್ಮ ಬೆರಳಿನ ಭಾರವನ್ನು ಅಳೆಯುವುದಿಲ್ಲ, ವೇಗವನ್ನು ಅಳೆಯುತ್ತದೆ. ಪ್ರತಿ ಮನೆಯ ಕೆಳಗೂ ಒಂದು ರಬ್ಬರಿನ ಗುಬಟು, ಅದರ ಒಳಗೆ ಕಾರ್ಬನ್ ಮೆತ್ತಿದ ಎರಡು ಪುಟ್ಟ ಗುಂಡಿ. ಒಂದು ಕೊಂಚ ಉದ್ದ, ಒಂದು ಕೊಂಚ ಗಿಡ್ಡ. ಒತ್ತಿದಾಗ ಉದ್ದದ್ದು ಮೊದಲು ಕೆಳಗಿನ ಹಲಗೆಗೆ ತಾಗುತ್ತದೆ, ಗಿಡ್ಡದ್ದು ಆಮೇಲೆ. ಎರಡರ ನಡುವಿನ ಕ್ಷಣವನ್ನು ಯಂತ್ರ ಎಣಿಸಿಕೊಳ್ಳುತ್ತದೆ. ಅಂತರ ಹೆಚ್ಚಾದರೆ ಮೆಲುದನಿ, ಕಡಿಮೆಯಾದರೆ ಜೋರುದನಿ. ಒಂಬತ್ತನೇ ತರಗತಿಗೆ ನಾನು ವೇಗದ ಸೂತ್ರ ಹೇಳಿಕೊಟ್ಟಿದ್ದು ಓಡುವ ಬಸ್ಸು, ಎದುರು ಬರುವ ರೈಲು ಇಟ್ಟುಕೊಂಡು. ಇದು ಮೊದಲೇ ಗೊತ್ತಿದ್ದರೆ ಹುಡುಗರು ಇನ್ನಷ್ಟು ಹೊತ್ತು ಎಚ್ಚರವಾಗಿರುತ್ತಿದ್ದರು.

ಈ ಗುಂಡಿಗಳಿಗೆ ಕೊಳೆ ಹತ್ತಿದರೆ ಲೆಕ್ಕ ಕೆಡುತ್ತದೆ. ಕೆಲವು ಮಾದರಿಗಳಲ್ಲಿ ಸ್ವರವೇ ಹುಟ್ಟುವುದಿಲ್ಲ. ಕೆಲವು ಮಾತ್ರ ‘ಅಂತರವೇ ಇಲ್ಲ, ಹಾಗಾದರೆ ಮಹಾವೇಗ’ ಎಂದು ತೀರ್ಮಾನಿಸಿ, ಮೆತ್ತಗೆ ಮುಟ್ಟಿದರೂ ಗಂಟಲು ಹರಿದುಕೊಳ್ಳುತ್ತವೆ. ಜೋಗುಳದ ನಡುವೆ ಒಂದು ಗಾಂಧಾರ ಮಾತ್ರ ಕೂಗಿ ಮಗುವನ್ನು ಎಬ್ಬಿಸಿದ ಪ್ರಸಂಗ ನಮ್ಮ ಬೀದಿಯಲ್ಲೇ ಇದೆ.

ಕೊಳೆ ಎಲ್ಲಿಂದ ಬರುತ್ತದೆ? ಮಲೆನಾಡಿನ ಮಳೆಗಾಲದ ಥಂಡಿ ಒಂದು ಕಾರಣ. ದೊಡ್ಡ ಕಾರಣ ಭಕ್ತಿ. ಆಯುಧಪೂಜೆಯ ದಿನ ಸ್ಕೂಟರು, ಮಿಕ್ಸಿಯ ಜೊತೆ ಕೀಬೋರ್ಡಿಗೂ ಅರಿಸಿನ, ಕುಂಕುಮ, ಅಕ್ಷತೆ ಬೀಳುತ್ತದೆ. ಕರೀ ಮನೆ ಬಿಳೀ ಮನೆಗಳ ಸಂದಿನಲ್ಲಿ ಕುಂಕುಮ ಇಳಿದರೆ ಅದಕ್ಕೆ ವಾಪಸು ಬರುವ ದಾರಿ ಇಲ್ಲ. ನಾನು ಬಿಚ್ಚಿದ ಕೀಬೋರ್ಡುಗಳಲ್ಲಿ ಅಕ್ಷತೆ ಸಿಗದ್ದು ಅಪರೂಪ. ಹೇರ್‌ಪಿನ್ನು, ಎಂಟಾಣೆ, ಹಾಲು ಹಲ್ಲು, ಲಾಡಿನ ತುಣುಕು, ಆ ತುಣುಕಿಗಾಗಿ ಬಂದು ಸಂಸಾರ ಹೂಡಿದ ಇರುವೆಗಳು, ಎಲ್ಲವೂ ಸಿಕ್ಕಿವೆ. ಇರುವೆಯನ್ನು ನಾನು ದೂರುವುದಿಲ್ಲ. ಕತ್ತಲು, ಬೆಚ್ಚಗಿನ ಜಾಗ, ಊಟ, ಸಂಗೀತ; ಇನ್ನೇನು ಬೇಕು?

ಬಿಚ್ಚುವಾಗ ನಿಜವಾದ ಕಷ್ಟ ಸ್ಕ್ರೂಗಳದು. ತಳದ ತುಂಬ ಸ್ಕ್ರೂ, ಒಂದೊಂದು ಕಡೆ ಒಂದೊಂದು ಉದ್ದ. ಉದ್ದದ್ದನ್ನು ಗಿಡ್ಡದರ ಜಾಗದಲ್ಲಿ ತಿರುಗಿಸಿದರೆ ಮೇಲ್ಮೈಯಲ್ಲಿ ಮೊಳಕೆ ಬರುತ್ತದೆ. ಇದಕ್ಕೆ ನಾನು ಕಂಡುಕೊಂಡ ಸಾಧನ ಇಡ್ಲಿ ತಟ್ಟೆ. ಒಂದೊಂದು ಕುಳಿಯಲ್ಲಿ ಒಂದೊಂದು ಗುಂಪು. ತಟ್ಟೆಗಳನ್ನು ಕಂಬಕ್ಕೆ ಏರಿಸಿ ಇಟ್ಟರೆ ಎಷ್ಟು ದಿನವಾದರೂ ಕ್ರಮ ತಪ್ಪುವುದಿಲ್ಲ. “ರೀ, ನಾಳೆ ಬೆಳಿಗ್ಗೆ ಚಟ್ನಿ ಜೊತೆ ಅದನ್ನೇ ಬಡಿಸ್ತೀನಿ” ಎಂದು ನನ್ನಾಕೆ ಹೇಳಿದ ಮೇಲೆ ನನಗೆಂದೇ ಹಳೆಯದೊಂದು ಸೆಟ್ಟು ಮಂಜೂರಾಗಿದೆ.

ತೊಳೆಯುವುದು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ, ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ, ಮೆಲ್ಲಗೆ. ಜೋರಾಗಿ ಉಜ್ಜಿದರೆ ಕಾರ್ಬನ್ನೇ ಎದ್ದು ಬರುತ್ತದೆ. ಆಮೇಲೆ ಹೊಸ ರಬ್ಬರ್ ಪಟ್ಟಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಅಲೆಯಬೇಕು, ಅಲೆದರೂ ಅದೇ ಮಾದರಿಯದು ಸಿಗುವುದು ಪುಣ್ಯ. ಮರಳು ಕಾಗದ ತಾಗಿಸಲೇಬಾರದು. ಕೊರೋನಾ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಸುರಿದವರಿದ್ದಾರೆ. ಅದರಲ್ಲಿ ಸಾಮಾನ್ಯವಾಗಿ ನೀರು, ಗ್ಲಿಸರಿನ್ ಎರಡೂ ಇರುವುದರಿಂದ ಆಲ್ಕೊಹಾಲು ಹಾರಿಹೋದ ಮೇಲೆ ಅಂಟು ಉಳಿಯುತ್ತದೆ. ಕೊಬ್ಬರಿ ಎಣ್ಣೆ ಬಿಟ್ಟವರೂ ಇದ್ದಾರೆ. ಬಾಗಿಲಿನ ತಿರುಗಣಿಗೆ ಒಳ್ಳೆಯದಾದದ್ದು ಎಲ್ಲಕ್ಕೂ ಒಳ್ಳೆಯದು ಎಂಬ ವಾದ.

ಸತ್ತ ಮನೆಗಳು ಅಲ್ಲೊಂದು ಇಲ್ಲೊಂದು ಇದ್ದರೆ ಕೊಳೆ. ಲೆಕ್ಕ ಹಾಕಿದಂತೆ ಸತ್ತಿದ್ದರೆ ತಂತಿ. 61 ಮನೆಗೆ ಬೇರೆ ಬೇರೆ ತಂತಿ ಎಳೆಯಲಾಗದು ಎಂದು ಅವನ್ನು ಸಾಲು ಕಂಬಗಳಾಗಿ ಜೋಡಿಸಿರುತ್ತಾರೆ, ಬಹಳಷ್ಟು ಮಾದರಿಗಳಲ್ಲಿ ಎಂಟರ ಲೆಕ್ಕದಲ್ಲಿ. ಒಂದು ಎಳೆ ಕಡಿದರೆ ಕರಿ ಬಿಳಿ ಸೇರಿಸಿ ಎಂಟೆಂಟಕ್ಕೊಂದು ಮನೆ ಮೂಕವಾಗುತ್ತದೆ. ಬಿಳಿ ಒಂದನ್ನು ಷಡ್ಜ ಇಟ್ಟುಕೊಂಡು ಅಲ್ಲಿಂದಲೇ ಎಣಿಸಿ ನೋಡಿ. ಮೊದಲು ಷಡ್ಜ ಸತ್ತಿರುತ್ತದೆ, ಆಮೇಲೆ ಶುದ್ಧ ಧೈವತ, ಆಮೇಲೆ ಮುಂದಿನ ಸ್ಥಾಯಿಯ ಅಂತರ ಗಾಂಧಾರ, ಮತ್ತೆ ಷಡ್ಜ. ಒಬ್ಬ ಸಂಗೀತದ ಮೇಡಮ್ಮು “ಮಾಯಾಮಾಳವಗೌಳ ಮಾತ್ರ ಬರ್ತಾ ಇಲ್ಲ, ಉಳಿದದ್ದು ಸುಮಾರಾಗಿ ಬರುತ್ತೆ” ಎಂದು ದೂರಿದಾಗ ಬಿಚ್ಚುವ ಮೊದಲೇ ನನಗೆ ರಿಬ್ಬನ್ ಕೇಬಲಿನ ಮೇಲೆ ಅನುಮಾನ ಬಂತು. ಸತ್ತ ಮೂರೂ ಸ್ವರ ಅದೇ ರಾಗದವು. ಕೇಬಲ್ಲನ್ನು ಕಿತ್ತು ಸರಿಯಾಗಿ ಕೂರಿಸಿದ ಮೇಲೆ ಸರಳೆ ವರಸೆ ಮುಂದುವರಿಯಿತು. ರೋಗಲಕ್ಷಣವನ್ನು ರಾಗದಲ್ಲಿ ಹೇಳಿದವರು ಅವರೊಬ್ಬರೇ.

ಕಾಯಿಲೆಯೇ ಅಲ್ಲದ ಕಾಯಿಲೆಗಳ ಗುಂಪು ಇನ್ನೂ ದೊಡ್ಡದು. ‘ಶ್ರುತಿ ಬಿದ್ದಿದೆ’ ಎನ್ನುತ್ತಾರೆ. ಇದರ ಶ್ರುತಿ ನಿಂತಿರುವುದು ಸ್ಫಟಿಕದ ಗಡಿಯಾರದ ಮೇಲೆ. ಅದು ತಂಬೂರಿಯ ತಂತಿಯಲ್ಲ, ಬೀಳುವುದಿಲ್ಲ. ಯಾರೋ ಟ್ರಾನ್ಸ್‌ಪೋಸ್ ಗುಂಡಿ ಒತ್ತಿರುತ್ತಾರೆ ಅಷ್ಟೇ. ‘ಸ್ವರ ನಿಲ್ಲೋದೇ ಇಲ್ಲ, ಎಳೀತಾನೇ ಇರುತ್ತೆ’ ಅಂದರೆ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಸ್ವಿಚ್ ಹಾಕಿದ್ದಾರೆ. ಹಲವು ಕೀಬೋರ್ಡುಗಳು ಆ ಹೊತ್ತಿನಲ್ಲಿ ಪೆಡಲು ಹೇಗಿದೆಯೋ ಅದೇ ವಿಶ್ರಾಂತ ಸ್ಥಿತಿ ಎಂದು ನಂಬಿ, ಆಮೇಲೆ ಕಾಲು ತೆಗೆದಾಗ ಎಳೆಯಲು ಶುರುಮಾಡುತ್ತವೆ. ಆರಿಸಿ, ಕಾಲು ತೆಗೆದು, ಹತ್ತಿಸಿದರೆ ಮುಗಿಯಿತು. ‘ತಾಳ ನಿಲ್ತಾ ಇಲ್ಲ’ ಅಂದರೆ ನಿಲ್ಲಿಸುವ ಗುಂಡಿ ಒತ್ತಿಲ್ಲ. ಆ ತಾಳದ ಗುಂಡಿಗಳನ್ನು ಯಾರೂ ಹಗುರವಾಗಿ ಕಾಣಬಾರದು. 1981ರ ಕ್ಯಾಸಿಯೋ ಎಂಟಿ-40 ಎಂಬ ಪುಟ್ಟ ಕೀಬೋರ್ಡಿನಲ್ಲಿ ‘ರಾಕ್’ ಎಂಬ ಲಯವನ್ನು ರೂಪಿಸಿದ್ದು ಆಗಷ್ಟೇ ಕೆಲಸಕ್ಕೆ ಸೇರಿದ್ದ ಒಕುದಾ ಹಿರೊಕೊ ಎಂಬ ತರುಣಿ. 1985ರಲ್ಲಿ ಜಮೈಕಾದ ವೇಯ್ನ್ ಸ್ಮಿತ್ ಅದೇ ಲಯ ಹಾಕಿಕೊಂಡು ಹಾಡಿದ ‘ಅಂಡರ್ ಮಿ ಸ್ಲೆಂಗ್ ಟೆಂಗ್’ ಅಲ್ಲಿನ ಸಂಗೀತದ ದಿಕ್ಕನ್ನೇ ಬದಲಿಸಿತು. ನಮ್ಮ ಬೀದಿಯಲ್ಲಿ ಅಂಥದೇ ಗುಂಡಿ ಒತ್ತಿದ ಹುಡುಗನಿಗೆ ಸಿಕ್ಕಿದ್ದು ಬೆನ್ನಿಗೊಂದು ಗುದ್ದು.

ಗಮಕ ಬರುವುದಿಲ್ಲ ಎನ್ನುವುದು ಭಟ್ಟರ ಶಾಶ್ವತ ದೂರು. ತೋಡಿಯ ಗಾಂಧಾರ ಅಲ್ಲಾಡಲೇಬೇಕು, ಈ ಪೆಟ್ಟಿಗೆಯಲ್ಲಿ ಅದು ಕಲ್ಲಿನಂತೆ ಕೂತಿದೆ, ರಿಪೇರಿ ಮಾಡಿ ಎನ್ನುತ್ತಾರೆ. ಇದೇ ಆರೋಪದ ಮೇಲೆ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊಸಿಲ ಹೊರಗೆ ನಿಲ್ಲಿಸಿತ್ತು. ಆದರೆ ಹಾರ್ಮೋನಿಯಂಗೆ ಇಲ್ಲದ ಒಂದು ಸೌಕರ್ಯ ಕೆಲವು ಕೀಬೋರ್ಡುಗಳಿಗಿದೆ. ಎಡಗಡೆ ಸ್ವರ ಬಾಗಿಸುವ ಚಕ್ರ ಇರುತ್ತದೆ. ಅದನ್ನು ತಿರುಗಿಸಿ ಜಾರು, ಕಂಪಿತ ತರಿಸುವವರಿದ್ದಾರೆ. ಹೀಗೆಂದಾಗ ಭಟ್ಟರು ಚಕ್ರ ತಿರುಗಿಸಿ ನೋಡಿ, “ಇದು ಗಮಕ ಅಲ್ಲ, ವಾಂತಿ” ಅಂದರು. ಅವರ ಕೈಯಲ್ಲಿ ಅದು ಹಾಗೇ ಇತ್ತು.

ಮ್ಯಾನೇಜರ ‘ಗೊರ್ರ್’ ಕಥೆ ಹೇಳುವುದು ಉಳಿದಿದೆ. ಮಂದ್ರದ ಒಂದು ಸ್ವರ ಹಿಡಿದಾಗ ಮಾತ್ರ ಅದು ಬರುತ್ತಿತ್ತು. ಸ್ಪೀಕರಿನ ಕಾಗದವನ್ನು ಜಿರಲೆ ತಿಂದಿದೆ ಎಂದು ಅವರ ರೋಗನಿರ್ಣಯ. ಜಿರಲೆ ಅಂಟಿಗಾಗಿ ಹಾಗೆ ಮಾಡುವುದುಂಟು, ಆದ್ದರಿಂದ ಅಲ್ಲಗಳೆಯಲಿಲ್ಲ. ಆದರೆ ಕೀಬೋರ್ಡನ್ನು ಎತ್ತಿಕೊಂಡು ಊಟದ ಕೋಣೆಗೆ ಹೋದೆ. ಅಲ್ಲಿ ಸ್ವರ ನುಣುಪಾಗಿ ಬಂತು. ನಡುಮನೆಗೆ ತಂದೆ, ಗೊರ್ರ್. ಆ ಸ್ವರವನ್ನು ಮ್ಯಾನೇಜರು ಒತ್ತಿ ಹಿಡಿದಿರಲು ಹೇಳಿ ನಾನು ಒಂದೊಂದೇ ವಸ್ತುವಿನ ಮೇಲೆ ಕೈಯಿಡುತ್ತಾ ಹೋದೆ. ಷೋಕೇಸಿನ ಗಾಜು ಅಲ್ಲ, ತಿರುಪತಿ ಪಟ ಅಲ್ಲ. ಅವರ ನಿವೃತ್ತಿಯ ದಿನ ಕೊಟ್ಟ ಸನ್ಮಾನ ಪತ್ರದ ಕಟ್ಟಿನ ಮೇಲೆ ಕೈಯಿಟ್ಟಾಗ ಸದ್ದು ಗಪ್ಪೆಂದು ನಿಂತಿತು. ಅದರ ಗಾಜು ಸಡಿಲವಾಗಿತ್ತು. ಪ್ರತಿ ವಸ್ತುವಿಗೂ ತನ್ನದೇ ಒಂದು ಸ್ವರ ಇರುತ್ತದೆ, ಅದು ಕಿವಿಗೆ ಬಿದ್ದರೆ ತಾನೂ ದನಿಗೂಡಿಸುತ್ತದೆ ಎಂದು ಅನುರಣನದ ಪಾಠ ಹೇಳಿದೆ. ಮ್ಯಾನೇಜರ ಹೆಂಡತಿ, “ಇವರ ಸನ್ಮಾನಕ್ಕೆ ಮೊದಲಿಂದಲೂ ಸದ್ದು ಜಾಸ್ತಿ” ಎನ್ನುತ್ತಾ ಕಾಫಿ ತಂದಿಟ್ಟರು.

ಇಷ್ಟರಲ್ಲಿ ನನ್ನ ಕೈಮೀರಿದ್ದು ಯಾವುದು ಎಂದರೆ, ಸೆಲ್ಲು ಸೋರಿದ್ದು. ಪರೀಕ್ಷೆಗೆಂದು ಹಾಕಿದ ಆರು ಸೆಲ್ಲನ್ನು ಮರೆತು, ಅದೇ ದುಪ್ಪಟಿ ಹೊದಿಸಿ, ಬೀರುವಿನ ಮೇಲೆ ವರ್ಷಗಟ್ಟಲೆ ಇಡುತ್ತಾರೆ. ಖಾಲಿಯಾದ ಸೆಲ್ಲಿನಿಂದ ಕ್ಷಾರ ಸೋರಿ ಸ್ಪ್ರಿಂಗು ತಿಂದು, ತಂತಿಯಗುಂಟ ಹತ್ತಿ, ಬೋರ್ಡಿನ ತಾಮ್ರದ ಗೆರೆಗಳನ್ನು ಹಸಿರು ಮಾಡಿಬಿಡುತ್ತದೆ. ಸ್ಪ್ರಿಂಗು ಮಾತ್ರ ಕೆಟ್ಟಿದ್ದರೆ ವಿನೆಗರ್ ಹಚ್ಚಿದ ಹತ್ತಿಯಿಂದ ಒರೆಸಿ ಬದುಕಿಸಬಹುದು. ಗೆರೆಗಳೇ ಹೋಗಿದ್ದರೆ ಮುಚ್ಚಿ ವಾಪಸು ಕೊಡುವುದೇ ದಾರಿ. ಅಂಥ ಮನೆಯಲ್ಲಿ ನಾನು ಕಾಫಿಯನ್ನೂ ಕುಡಿಯುವುದಿಲ್ಲ.

ಆದ್ದರಿಂದ ನಮ್ಮ ಬಡಾವಣೆಯವರಲ್ಲಿ ವಿನಂತಿ. ಬೀರುವಿನ ಮೇಲೆ ಏರಿಸುವ ಮೊದಲು ಸೆಲ್ಲು ತೆಗೆದಿಡಿ. ಅಡಾಪ್ಟರನ್ನು ದಾರದಿಂದ ಕೀಬೋರ್ಡಿಗೇ ಕಟ್ಟಿ, ಡ್ರಾಯರಿಗೆ ಹಾಕಬೇಡಿ. ಈ ಆಯುಧಪೂಜೆಗೆ ಕುಂಕುಮವನ್ನು ಕೀಬೋರ್ಡಿನ ಡಬ್ಬಿಯ ಮೇಲೆ ಹಚ್ಚಿ. ಇಷ್ಟಾದ ಮೇಲೂ ಒಂಥರಾ ಬಂದರೆ ಖಂಡಿತ ತನ್ನಿ, ಸಂಜೆ ಐದರ ಮೇಲೆ. ಮಧ್ಯಾಹ್ನ ನಾನು ಮಲಗಿರುತ್ತೇನೆ.